ಹದಿಮೂರರ ಮಗ್ಗಿ

ಖುಲೂದ್ ಮೇಡಂ ಒಗೆಯಲು ಕೊಟ್ಟ ಜಾಕೀಟಿನ ಜೇಬಲ್ಲಿ
ಒಂದು ಪದಕ.
ಜೇಬಲ್ಲಿ ಸಿಕ್ಕಿದ್ದನ್ನೆಲ್ಲ ಡ್ರಾಯರಿಗೆ ಹಾಕುವುದು ಅಂಗಡಿಯ ರೂಢಿ:
ಬೀಗದ ಕೈ, ಬೈಸಾ ಚಿಲ್ಲರೆ, ಒಮ್ಮೆ ಯಾರದೋ ಕಟ್ಟುಹಲ್ಲು.
ಆ ರಾತ್ರಿ ಶಟರ್ ಅರ್ಧ ಎಳೆದು
ಕನ್ನಡಿಯ ಮುಂದೆ ಕೊರಳಿಗೆ ಹಾಕಿಕೊಂಡೆ.
ತಣ್ಣಗಿತ್ತು. ಎದೆಗೆ ತಾಗಿ
ಬೇಗ ಬೆಚ್ಚಗಾಯಿತು.

ಮರುದಿನ ಕೈಗಿಡುವಾಗ ಕೇಳಿದೆ, ಇದಕ್ಕೆಷ್ಟು?
ಇಪ್ಪತ್ತೊಂದು, ಅಂದರು.
ರಿಯಾಲಾ?
ನಕ್ಕು ನಕ್ಕು ಗಲ್ಲೆಗೆ ಒರಗಿದರು. ಕಿಲೋಮೀಟರ್!

ಇಪ್ಪತ್ತೆರಡು ವರ್ಷ ಈ ಮೇಜಿನ ಮುಂದೆ ನಿಂತಿದ್ದೇನೆ.
ದಿಶ್ದಾಶಾದ ಕೊರಳ ಗೊಂಡೆಯಲ್ಲಿ ಅತ್ತರು ಕೂತಿರುತ್ತದೆ,
ಅದಕ್ಕೆ ಹಬೆ ಸೋಕದ ಹಾಗೆ
ಸುತ್ತ ಇಸ್ತ್ರಿ ಆಡಿಸುವುದು ಕೈಗೆ ಗೊತ್ತು.
ಕಾಲಿಗೆ ಗೊತ್ತಿದ್ದುದು
ಸಂಜೆಗೆ ಬಾತುಕೊಳ್ಳುವುದೊಂದೇ.

ಆಗಸ್ಟು. ಫಜ್ರ್ ಬಾಂಗಿಗೂ ಮುಂಚೆ
ಮತ್ರಾಹ್‌ನ ಗಾಳಿ ಹಿಂಡದ ಟವೆಲ್ಲು, ಮುಖಕ್ಕೆ ಅಂಟುತ್ತದೆ.
ರುವಿಯಲ್ಲಿ ಕೊಂಡ ಒಂಬತ್ತು ರಿಯಾಲಿನ ಬೂಟು ತೊಟ್ಟು
ಮೀನು ಮಾರ್ಕೆಟ್ಟಿನಿಂದ ಹೊರಟವನು
ಆರನೇ ದೀಪದ ಕಂಬ ತಬ್ಬಿಕೊಂಡೆ.
ಬೆಕ್ಕುಗಳು ಎದ್ದು ನೋಡಿದವು.
ಕೈಯಲ್ಲಿ ಮೀನಿಲ್ಲ ಎಂದು ಮತ್ತೆ ಮಲಗಿದವು.

ಶ್ವೈ ಶ್ವೈ, ಅಂದರು ಮೇಡಂ,
ಬಿಲ್ಲಿನ ಹಿಂಬದಿಗೆ ವಾರವಾರದ ದೂರ ಬರೆದುಕೊಟ್ಟು.
ಓಡುತ್ತ ಮಾತಾಡಲು ಬರಬೇಕಂತೆ.
ಆ ಹೊತ್ತಲ್ಲಿ ನನ್ನ ಜೊತೆ ಮಾತಿಗೆ ಯಾರು?
ಮಗ್ಗಿ ಹಿಡಿದೆ. ಸಿರುಗುಪ್ಪದ ಸಾಲೆಯಲ್ಲಿ
ಅಂಗೈ ಕೆಂಪು ಮಾಡಿಸಿದ ಹದಿಮೂರು.
ಹದಿಮೂರೊಂದ್ಲ ಹದಿಮೂರು,
ಹದಿಮೂರೆರಡ್ಲ ಇಪ್ಪತ್ತಾರು,
ಎಡಗಾಲು, ಬಲಗಾಲು, ಕಂಬ, ಕಂಬ,
ಆರ್ಲ ಎಪ್ಪತ್ತೆಂಟು,
ಏಳ್ಲ,
ಏಳ್ಲ,
ಉಸಿರು ಅಲ್ಲೇ ಕಡಿಯುತ್ತಿತ್ತು,
ಅವತ್ತು ಮೇಷ್ಟ್ರ ಮುಂದೆ ಕಡಿದ ಜಾಗದಲ್ಲೇ.

ಫೋನಿನಲ್ಲಿ ಏದುಸಿರು ಕೇಳಿ ಹಂಪಮ್ಮ ಗಾಬರಿಯಾದಳು:
ಯಾರನ ಬೆನ್ನತ್ಯಾರೇನು?
ಇಲ್ಲ, ಅಂದೆ.
ಮತ್ತ್ಯಾಕ ಓಡ್ತಿ?
ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಅಕ್ಟೋಬರಿನಲ್ಲಿ ತೊಂಬತ್ತೊಂದು ಬಂತು, ಸಲೀಸಾಗಿ,
ಕಡಲ ತಡೆಗೋಡೆಯ ಪಕ್ಕ, ಒಂದು ಹಡಗು ದೀಪ ಆರಿಸುವಾಗ.
ರಿಯಾಮ್ ಗುಡ್ಡದ ಮೇಲಿನ ಬಿಳಿ ಧೂಪದಾನಿ
ದೂರದ್ದು ಅಂದುಕೊಂಡಿದ್ದೆ,
ನವೆಂಬರಿಗೆ ಅದು ಬೆನ್ನ ಹಿಂದೆ ಉಳಿಯತೊಡಗಿತು.
ಡಿಸೆಂಬರಿನಲ್ಲಿ ಹೆಬ್ಬೆರಳ ಉಗುರು ಕಪ್ಪಾಗಿ ಬಿತ್ತು.
ಬಿಸಾಡಲು ಮನಸ್ಸಾಗದೆ
ಡ್ರಾಯರಿಗೇ ಹಾಕಿದೆ.

ಹದಿನೆಂಟರ ಶುಕ್ರವಾರ
ಹದಿನಾರಕ್ಕೆ ಕೂತುಬಿಟ್ಟೆ, ಫುಟ್‌ಪಾತಿನ ಮೇಲೆ, ಕಾಲು ಚಾಚಿ.
ಮೀನ ಗಾಡಿಯವನು ನಿಲ್ಲಿಸಿ ನೀರು ಕೊಟ್ಟು ಹೋದ.
ಅಂಗಿ ಬಿಚ್ಚಿ ನೋಡಿದರೆ ಬೆನ್ನ ತುಂಬ ಉಪ್ಪಿನ ಗೆರೆ.
ಎಷ್ಟು ಜನರ ಬೆವರು ಬಿಡಿಸಿದ್ದೇನೆ,
ಕಾಲರಿನದು, ಕಂಕುಳದ್ದು, ಟೋಪಿಯಂಚಿನದು;
ಇಂಥ ಗೆರೆಯ ಬಟ್ಟೆ ಗಲ್ಲೆಗೆ ಬಂದಿದ್ದರೆ
ಯಾರಪ್ಪಾ ಇವನು, ಎಲ್ಲಿಗೆ ಹೋಗಿದ್ದ, ಅನ್ನುತ್ತಿದ್ದೆ.
ತಣ್ಣೀರಲ್ಲಿ ನೆನೆಸಬೇಕು, ಬಿಸಿ ತಾಗಿಸಬಾರದು.
ಅಷ್ಟು ಹೊಳೆದದ್ದೇ ಎದ್ದೆ.
ಉಳಿದೆರಡನ್ನು ನಡೆದೆ. ನಡೆದದ್ದೂ ದೂರವೇ.

ನಾಳೆ ಓಟ.
ಕೊಟ್ಟ ಚೀಲದಲ್ಲಿ ಒಂದು ಅಂಗಿ, ಒಂದು ನಂಬರು, ನಾಲ್ಕು ಪಿನ್ನು.
ಪರರ ಬಟ್ಟೆಗೆ ನಂಬರು ಚುಚ್ಚುವುದು
ನನಗೆ ಕಣ್ಣು ಮುಚ್ಚಿದರೂ ಬರುವ ಕೆಲಸ.
ಈ ನಾಲ್ಕು ಪಿನ್ನಿಗೆ ಅರ್ಧ ಗಂಟೆ ಹಿಡಿಯಿತು,
ಒಂದು ಬೆರಳಿಗೂ ನೆಟ್ಟಿತು.
ಸುಕ್ಕಾಗದಿರಲೆಂದು ಸರಳಿಗೆ ತೂಗುಹಾಕಿದೆ
ಪೊಲೀಸರ ಸಮವಸ್ತ್ರಕ್ಕೂ ಮದುಮಗನ ಬಿಶ್ತ್‌ಗೂ ನಡುವೆ.

ನಸುಕು ಮೂರೂವರೆ. ಶಟರ್ ಸದ್ದಿಗೆ
ಚಿತ್ತಗಾಂಗಿನ ಹುಡುಗ ಶಹಾದತ್ ಕಣ್ಣುಜ್ಜುತ್ತ ಎದ್ದ,
ಸಾಲಿನ ಬಟ್ಟೆ ತಡವಿದ, ರಸೀದಿ ಪುಸ್ತಕ ಎರಡು ಸಲ ತಿರುವಿದ.
ಭಾಯ್, ಈ ಎರಡು ಸಾವಿರದ ನಾನೂರ ಹದಿನೇಳು
ಯಾರ ಹೆಸರಲ್ಲಿದೆ?
ನಾನು ಬಗ್ಗಿ
ಬೂಟಿನ ದಾರ ಬಿಗಿಯುತ್ತಿದ್ದೆ.